ಎಲ್ಲಾ ಹಿಂದಿನವನು ಮಾಡಿದ್ದು

ಹೋದ ವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಬಾಯಿ ಅಗಲಿಸಿಕೊಂಡು ಮಲಗಿದ್ದವಳ ಮೇಲೆ ದೀಪ ಬಿಟ್ಟು, ಪುಟ್ಟ ಕನ್ನಡಿ ಒಳಗಿಟ್ಟು ಆಕೆ ಮೊದಲು ಕೇಳಿದ್ದು ನೋವು ಎಲ್ಲಿದೆ ಎಂದಲ್ಲ. "ಈ ಫಿಲ್ಲಿಂಗು ಯಾರು ಮಾಡಿದ್ದು?" ಎಂದು. ಜೊತೆಗೆ ಒಂದು ಚ್ಚು ಚ್ಚು. ಬಾಯಲ್ಲಿ ಅವರ ಬೆರಳುಗಳನ್ನೂ ಒಂದು ಪೈಪನ್ನೂ ಇಟ್ಟುಕೊಂಡು ನಾನು ಏನು ಹೇಳಲಿ ಹೇಳಿ. ಅದನ್ನು ಮಾಡಿದ್ದು ಇದೇ ಊರಿನ ಇನ್ನೊಬ್ಬ ಡಾಕ್ಟರು. ಅವರೂ ಮೊದಲ ದಿನ ಇದೇ ಪ್ರಶ್ನೆ ಕೇಳಿ ಇದೇ ಥರ ಲೊಚಗುಟ್ಟಿದ್ದರು. ಆಗ ಅಲ್ಲಿ ಇದ್ದದ್ದು ಹಾಸನದ ಫಿಲ್ಲಿಂಗು.

ನನಗೆ ಈ ಪ್ರಶ್ನೆ ಹೊಸದೇನಲ್ಲ, ಹುಟ್ಟಿದಾಗಿನಿಂದ ಕೇಳಿಕೊಂಡೇ ಬಂದಿದ್ದೇನೆ. ಹಾಸನದಲ್ಲಿ ನಮ್ಮ ಬೀದಿಯ ಟೈಲರಿಗೆ ಹಳೇ ರವಿಕೆ ಬಿಚ್ಚಿ ಅಗಲ ಮಾಡಲು ಕೊಟ್ಟರೆ, ಅದನ್ನು ಬೆಳಕಿಗೆ ಹಿಡಿದು, "ಇದ್ಯಾವ ಪುಣ್ಯಾತ್ಮ ಹೊಲಿದಿದ್ದಮ್ಮ?" ಎನ್ನುತ್ತಿದ್ದ. "ನೀನೇ ಕಣಪ್ಪ" ಎಂದು ಅಮ್ಮ ಹೇಳಿದರೆ ರವಿಕೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿ, "ಹಂಗಾದ್ರೆ ಬಟ್ಟೆ ಸರಿ ಇರ್ಲಿಲ್ಲ ಬಿಡಿ" ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಮ್ಮ ದಾರಿಯುದ್ದಕ್ಕೂ ಗೊಣಗಿಕೊಂಡು ಬರುತ್ತಿದ್ದಳು. ಸ್ಕೂಲಿನಲ್ಲೂ ಅಷ್ಟೇ. ಪ್ರತಿ ಜೂನ್ ತಿಂಗಳಲ್ಲಿ ಹೊಸ ಗಣಿತದ ಮೇಷ್ಟ್ರು ಬರುತ್ತಿದ್ದರು, ಒಂದು ಭಾಗಾಕಾರದ ಲೆಕ್ಕ ಕೊಡುತ್ತಿದ್ದರು, ನಾವು ಬ್ಬೆಬ್ಬೆಬ್ಬೆ ಎನ್ನುತ್ತಿದ್ದೆವು. "ಹೋದ ವರ್ಷ ನಿಮಗೆ ಪಾಠ ಮಾಡಿದೋರು ಯಾರು?" ಎಂದು ಅವರು ಹಣೆ ಚಚ್ಚಿಕೊಳ್ಳುತ್ತಿದ್ದರು. ನಾವು ಖುಷಿಯಿಂದ ಹೆಸರು ಹೇಳುತ್ತಿದ್ದೆವು. ದಡ್ಡರು ನಾವಲ್ಲ, ಹೋದ ವರ್ಷದವರು ಎಂದಾದ ಮೇಲೆ ಆ ವರ್ಷವಿಡೀ ಹಾಯಾಗಿ ಕಳೆಯುತ್ತಿತ್ತು.

ಇಷ್ಟೆಲ್ಲ ಹೇಳುವ ನಾನೇನು ಸಾಚಾ ಅಂದುಕೊಳ್ಳಬೇಡಿ. ನಾನು ಕೆಲಸ ಮಾಡುವುದು ಒಂದು ಆಸ್ಪತ್ರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಅಲ್ಲಿ ಏನೇ ಎಡವಟ್ಟಾಗಲಿ, ಹಿಂದಿನ ಶಿಫ್ಟಿನವರು ಮಾಡಿದ್ದು. ಹತ್ತು ಹದಿನೈದು ವರ್ಷದಿಂದ ನಾನು ಈ ಮಾತು ಹೇಳುತ್ತ ಬಂದಿದ್ದೇನೆ. ನಾನು ಮನೆಗೆ ಹೊರಟ ಮೇಲೆ ಬರುವವರೂ ಹೇಳುತ್ತಿರುತ್ತಾರೆ ಎಂಬುದು ಗೊತ್ತಿದೆ. ಆದರೆ ಅವರು ಹೇಳುವುದು ಸುಳ್ಳು.

ಇರಲಿ, ಹೇಳಬೇಕಾಗಿದ್ದದ್ದು ನಮ್ಮ ಕಾರಿನ ಕಥೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದ್ದಾಗ ಅದೇ ನೆನಪಾಗಿ ನಗು ಬಂದು, "ನೋವಾಯ್ತಾ?" ಎಂದು ಆಕೆ ಗಾಬರಿಯಾದರು.

ನಾವಿರುವುದು ಗಿಲ್‌ರಾಯ್‌ನಲ್ಲಿ. ಕೆಲಸ ಇರುವ ಕಡೆ ಮನೆ ಕೊಳ್ಳಲಾಗದವರೆಲ್ಲ ದಕ್ಷಿಣಕ್ಕೆ ಸರಿದು ಸರಿದು ಬಂದು ನಿಂತ ಊರು. ಇಲ್ಲಿಂದ ಸ್ಯಾನ್ ಹೋಸೆಯ ಆಚೆ ತುದಿಗೆ ನಾವು ಮೂವರು ಎಂಟು ವರ್ಷದಿಂದ ಒಂದೇ ಕಾರಿನಲ್ಲಿ ಹೋಗುತ್ತಿದ್ದೆವು. ನಾನು, ಹುಬ್ಬಳ್ಳಿಯ ಬಸಣ್ಣ, ಮಂಡ್ಯದ ಗೌಡರು. ಬಸಣ್ಣನದು ಚಿಪ್ ಪರೀಕ್ಷಿಸುವ ಯಂತ್ರ ಮಾಡುವ ಕಂಪನಿ, ಗೌಡರದು ಅದೇ ರಸ್ತೆಯ ಇನ್ನೊಂದು ಕಂಪನಿ, ಇಬ್ಬರೂ ಎಂಜಿನಿಯರುಗಳು. ಅವರು ಮುಂದೆ, ನಾನು ಹಿಂದೆ. ಗೌಡರು ನನಗಿಂತ ದೊಡ್ಡವರಾದರೂ ನನ್ನನ್ನು ಸುಧಕ್ಕ ಎಂದೇ ಕರೆಯುವುದು, ಬಸಣ್ಣ ಕರೆಯುವುದನ್ನು ಕೇಳಿ ಕೇಳಿ ರೂಢಿಯಾಗಿಬಿಟ್ಟಿದೆ.

ನಮ್ಮ ಕಾರಿಗೆ ಒಂದು ಕಾನೂನಿತ್ತು. ಅವತ್ತು ಯಾರು ಓಡಿಸುತ್ತಾರೋ, ಸುದ್ದಿ ಅವರಿಗೆ ಬೇಕಾದದ್ದು. ಸೋಮವಾರ, ಗುರುವಾರ ಬಸಣ್ಣ. ಮಂಗಳವಾರ, ಶುಕ್ರವಾರ ಗೌಡರು. ಬಸಣ್ಣ ಈಗಿನ ಅಧ್ಯಕ್ಷರ ಪಕ್ಷ, ಗೌಡರು ಹಿಂದಿನ ಅಧ್ಯಕ್ಷರ ಪಕ್ಷ. ಹೀಗಾಗಿ ನಮ್ಮ ಕಾರಿನಲ್ಲಿ ಈ ದೇಶ ಸೋಮವಾರ ಉದ್ಧಾರವಾಗಿ, ಮಂಗಳವಾರ ಹಾಳಾಗಿ, ಗುರುವಾರ ಮತ್ತೆ ಚೇತರಿಸಿಕೊಂಡು, ಶುಕ್ರವಾರ ಪಾತಾಳಕ್ಕೆ ಇಳಿಯುತ್ತಿತ್ತು. ಬುಧವಾರ ನನ್ನ ಸರದಿ. ಅವತ್ತು ನಾನು ಹಳೇ ಸಿನಿಮಾ ಹಾಡು ಹಾಕುತ್ತಿದ್ದೆ. ಇಬ್ಬರೂ ಊಟ ಇಲ್ಲದವರ ಹಾಗೆ ಕಿಟಕಿ ನೋಡಿಕೊಂಡು ಕೂತಿರುತ್ತಿದ್ದರು.

ಬೆಳಿಗ್ಗೆ ಫ್ರೀವೇ ಹತ್ತುವ ಮುಂಚೆ ಮೂಲೆಯಲ್ಲಿ ಒಂದು ಗ್ಯಾಸ್ ಸ್ಟೇಷನ್ ಇದೆ, ನಮ್ಮೂರಿನ ಪೆಟ್ರೋಲ್ ಬಂಕು. ದರದ ಬೋರ್ಡು ಎತ್ತರದಲ್ಲಿ ಹೊಳೆಯುತ್ತಿರುತ್ತದೆ. ಅದನ್ನು ನೋಡಿದ ಮೇಲೆಯೇ ಇಬ್ಬರಿಗೂ ಗಂಟಲು ಬಿಡುತ್ತಿದ್ದದ್ದು. ದರ ಇಳಿದಿದ್ದರೆ ಈಗಿನವರು ಇಳಿಸಿದ್ದು ಎಂದು ಬಸಣ್ಣ, ಹಿಂದಿನವರು ಮಾಡಿದ್ದರ ಫಲ ಈಗ ಬರ್ತಿದೆ ಎಂದು ಗೌಡರು. ಏರಿದ್ದರೆ ಇದೇ ಮಾತು ತಿರುಗಾಮುರುಗಾ.

"ಅಲ್ರೀ ಗೌಡ್ರ, ಹಿಂದಿನಂವಾ ನಾಕ್ ವರ್ಷ ಮನಿ ಹಾಳ್ ಮಾಡಿಟ್ಟು ಹ್ವಾದ. ಇಂವಾ ಬಂದು ಕಸಾ ಹೊಡಿಲಿಕ್ಕಾದ್ರೂ ಟೈಮ್ ಬೇಕೊ ಬ್ಯಾಡೊ?" ಎಂದು ಬಸಣ್ಣ.

"ನೋಡಯ್ಯ, ಕಟ್ಟಿದ್ ಮನೆ ಕೊಟ್ಟೋದ್ರೆ, ಹೆಂಚು ಕಿತ್ತಾಕಿ ಸೋರ್ತದೆ ಸೋರ್ತದೆ ಅಂತ ಬಡ್ಕೊಂಡ್ರೆ ಅದ್ ಯಾರ್ ತಪ್ಪು?" ಎಂದು ಗೌಡರು.

ಒಂದು ಸಲ ನಾನು ತಡೆಯಲಾರದೆ ಬಾಯಿ ಹಾಕಿದೆ. "ಬಸಣ್ಣ, ಎಲ್ಲಾ ಹಿಂದಿನವರೇ ಕೆಡಿಸಿದ್ದು ಸರಿ. ಆ ಹಿಂದಿನವರಿಗೂ ಹಿಂದೆ ಇದ್ದವರು ಯಾರು?"

ಬಸಣ್ಣ ಬೆರಳು ಮಡಚಿ ಲೆಕ್ಕ ಹಾಕಿದರು. "ಇಂವನ ರೀ," ಅಂದರು.

ಗೌಡರು ಸ್ಟೀರಿಂಗು ಬಿಟ್ಟು ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸೀಟಿನಲ್ಲಿ ದೇವರ ಹೆಸರು ಹೇಳಿದೆ.

ಇದರಲ್ಲೆಲ್ಲ ತಮಾಷೆಯ ಸಂಗತಿ ಇನ್ನೊಂದಿದೆ, ಇಲ್ಲಿಯವರೆಗೆ ಹೇಳಿರಲಿಲ್ಲ. ಈ ಇಬ್ಬರಿಗೂ ಇಲ್ಲಿ ವೋಟೇ ಇಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ತಲೆ ನರೆತವರು. ನನಗೆ ಆ ಕಾರ್ಡು ಬಂದಿದೆ, ವೋಟು ಇನ್ನೂ ದೂರ. ಮದುವೆಗೆ ಕರೆಯದೇ ಇರುವವರು ಛತ್ರದ ಹೊರಗೆ ನಿಂತು ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಕೈ ಕೈ ಮಿಲಾಯಿಸಿದ ಹಾಗೆ. "ನಿಮಗ್ಯಾಕ್ರೀ ಈ ಪಂಚಾಯ್ತಿ?" ಎಂದು ನಾನು ರೇಗಿದರೆ ಇಬ್ಬರೂ ಒಂದಾಗಿ ನನ್ನ ಮೇಲೆ ಬೀಳುತ್ತಿದ್ದರು. ಟ್ಯಾಕ್ಸು ಕಟ್ಟಲ್ವಾ, ಮೊಟ್ಟೆ ಕೊಳ್ಳಲ್ವಾ ಎಂದು. ಇಬ್ಬರೂ ಒಪ್ಪಿಕೊಳ್ಳುತ್ತಿದ್ದದ್ದು ಅದೊಂದೇ ವಿಷಯ.

ಹೋದ ವರ್ಷ ಒಂದು ಗುರುವಾರ ಬಸಣ್ಣ ಮಧ್ಯಾಹ್ನ ಊಟಕ್ಕೆ ಹೊರಗೆ ಹೋಗಿ ವಾಪಸು ಬಂದರೆ ಆಫೀಸಿನ ಬಾಗಿಲು ತೆಗೆಯಲಿಲ್ಲ. ಬ್ಯಾಡ್ಜು ತೋರಿಸಿದರು, ಉಜ್ಜಿ ತೋರಿಸಿದರು, ತಿರುಗಿಸಿ ತೋರಿಸಿದರು. ಬ್ಯಾಡ್ಜು ಹಾಳಾಗಿದೆ ಎಂದುಕೊಂಡರು ಆ ಮನುಷ್ಯ. ರಿಸೆಪ್ಶನ್ನಿಗೆ ಹೋಗಿ, ಮೊದಲಿನ ಬ್ಯಾಡ್ಜು ಎಷ್ಟು ಗಟ್ಟಿ ಇತ್ತು, ಈ ಹೊಸಾವು ಬಾಳಿಕೆ ಬರೋದಿಲ್ಲ ಎಂದು ಅಲ್ಲಿದ್ದ ಹುಡುಗಿಗೆ ವಿವರಿಸಿದರಂತೆ. ಪಾಪ ಆ ಹುಡುಗಿ ಕಂಪ್ಯೂಟರು ನೋಡಿ, ಕುರ್ಚಿಯಲ್ಲಿ ಕೂರಿ ಎಂದು ನೀರು ತಂದುಕೊಟ್ಟಳಂತೆ. ನೀರು ಕೊಟ್ಟಾಗಲೇ ನನಗೆ ಗೊತ್ತಾಯಿತು ಎಂದು ಬಸಣ್ಣ ಆಮೇಲೆ ಹೇಳಿದರು.

ಅವತ್ತು ಸಂಜೆ ಓಡಿಸುವ ಸರದಿ ಅವರದೇ. ಕಾರಿನ ಹತ್ತಿರ ಬಂದು ಬೀಗದ ಕೈ ಗೌಡರ ಕೈಗೆ ಕೊಟ್ಟರು. "ನನ್ನ ತಗದ್ರು," ಅಂದರು. ಅಷ್ಟೇ. ಗಿಲ್‌ರಾಯ್ ಬರುವವರೆಗೆ ಮೂವರಲ್ಲಿ ಒಬ್ಬರೂ ಮಾತಾಡಲಿಲ್ಲ. ಎಷ್ಟೋ ವರ್ಷ ಆ ಕಾರಿನಲ್ಲಿ ಒಂದು ದಿನ ಸದ್ದಿಲ್ಲದೆ ಇರಲಿ ಎಂದು ಹರಕೆ ಹೊತ್ತವಳು ನಾನು. ಅದು ಸಿಕ್ಕಿದ ದಿನ ನನಗೆ ಬೇಡವಾಯಿತು.

ಯಾಕೆಂದರೆ ಮುಂದಿನದು ನಮಗೆಲ್ಲ ಗೊತ್ತಿತ್ತು. ವೀಸಾದವರ ಕೆಲಸ ಹೋದರೆ ಸರಕಾರ ಕೊಡುವುದು ಎರಡು ತಿಂಗಳು. ಅಷ್ಟರಲ್ಲಿ ಇನ್ನೊಂದು ಕಂಪನಿ ಕೈ ಹಿಡಿಯಬೇಕು, ಇಲ್ಲವೇ ದೇಶ ಬಿಡಬೇಕು. ಬಸಣ್ಣ ಮಹಾದೇವಿಯರ ಮಗಳು ಕೀರ್ತಿ ಹನ್ನೊಂದನೇ ಕ್ಲಾಸು, ಹುಟ್ಟಿದ್ದು ಇಲ್ಲೇ. ಕನ್ನಡ ಎಲ್ಲಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಆ ಹುಡುಗಿ ಅಳಲಿಲ್ಲವಂತೆ. "ಅಪ್ಪಾ, ಡೂ ವೀ ಹ್ಯಾವ್ ಟು ಲೀವ್?" ಎಂದು ಕೇಳಿ, ಎದ್ದು ತಟ್ಟೆ ತೊಳೆದಳಂತೆ.

ಶುಕ್ರವಾರ ಗೌಡರ ಸರದಿ. ನನಗೆ ನಿಜವಾಗಿ ಹೆದರಿಕೆ ಇದ್ದದ್ದು ಅದೇ. ಗೌಡರು ಕೆಟ್ಟವರಲ್ಲ, ಆದರೆ ವಾದದಲ್ಲಿ ಸೋತದ್ದು ನಾನು ನೋಡಿಲ್ಲ. ಈಗ ಅವರ ಎಂಟು ವರ್ಷದ ವಾದಕ್ಕೆ ಪಕ್ಕದ ಸೀಟಿನವರೇ ಸಾಕ್ಷಿ, ತಮ್ಮವನ ಕಾಲದಲ್ಲೇ ಕೆಲಸ ಕಳಕೊಂಡವರು. ಒಂದೇ ಒಂದು ಮಾತು "ನಾನ್ ಹೇಳ್ಲಿಲ್ವಾ" ಎಂದುಬಿಟ್ಟರೆ ಆ ಸ್ನೇಹ ಅಲ್ಲಿಗೆ ಮುಗಿಯಿತು. ಆ ಮಾತು ಬಂದರೆ ಕೆಮ್ಮುವುದೋ, ಫೋನು ಬೀಳಿಸುವುದೋ ಎಂದು ನಾನು ಬೆಳಿಗ್ಗೆಯೇ ಲೆಕ್ಕ ಹಾಕಿಕೊಂಡಿದ್ದೆ.

ಬಸಣ್ಣ ಮಾತ್ರ ಬರುವುದೇ ಇಲ್ಲ ಎಂದರು. ಗೌಡರು ಅವರ ಮನೆ ಮುಂದೆ ಕಾರು ನಿಲ್ಲಿಸಿ ಫೋನು ಮಾಡಿದರು. "ಕಾರ್‌ಪೂಲ್ ಲೇನಿಗೆ ತಲೆ ಬೇಕು ಕಣಯ್ಯ. ನಮ್ ಆಫೀಸ್ ಪಕ್ಕದಾಗೇ ಲೈಬ್ರರಿ ಅದೆ. ಅಲ್ ಕೂತ್ಕಂಡು ಅಪ್ಲೈ ಮಾಡು. ಮನೇಲ್ ಕೂತ್ರೆ ಮಾದೇವಮ್ಮನ್ ಮುಖ ನೋಡ್ಕಂಡು ನೀನೂ ಒಣಗ್ತೀಯ, ಅವ್ರೂ ಒಣಗ್ತಾರೆ." ಹೆಚ್ಚು ಜನ ಕೂತ ಕಾರಿಗೆಂದೇ ಬಿಟ್ಟ ಆ ಲೇನಿಗೆ ಇಬ್ಬರಿದ್ದರೆ ಸಾಕು.

ಬಸಣ್ಣ ಬಂದು ಕೂತರು, ಮುಖ ಕ್ಷೌರ ಮಾಡಿರಲಿಲ್ಲ. ಕಾರು ಫ್ರೀವೇ ಹತ್ತಿತು. ಗೌಡರು ಫೋನು ತೆಗೆದು ಸುದ್ದಿ ಹಾಕಿದರು. ಎರಡು ವಾಕ್ಯ ಕೇಳುವುದರೊಳಗೆ ನನಗೆ ಗೊತ್ತಾಯಿತು, ಅದು ಗೌಡರ ಸುದ್ದಿಯಲ್ಲ. ಬಸಣ್ಣನ ಸುದ್ದಿ. ಗೌಡರು ಯಾವುದನ್ನು ಕೇಳಿದರೆ ಕಿವಿಗೆ ಸೀಸ ಹೊಯ್ದಂತಾಗುತ್ತದೆ ಎನ್ನುತ್ತಿದ್ದರೋ ಅದೇ. ಇವತ್ತಿನ ಕಷ್ಟಕ್ಕೆಲ್ಲ ಹಿಂದಿನವರೇ ಕಾರಣ ಎಂದು ಅದರಲ್ಲಿ ಒಬ್ಬ ಯಥಾಪ್ರಕಾರ ಅರಚುತ್ತಿದ್ದ.

"ಸರ್ಯಾಗ್ ಹೇಳ್ದ ನೋಡು," ಅಂದರು ಗೌಡರು, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಇದು ನಮ್ಮೋನ್ ಮಾಡಿದ್ದೇ. ಬಿತ್ತೋನು ಅವ್ನು. ಈಗ ಮೊಳ್ಕೆ ಬಂದದೆ. ನಿನ್ ಕೆಲ್ಸ ಹೋಗಿದ್ದು ನಮ್ಮೋನಿಂದ್ಲೇ ಕಣಯ್ಯ."

ಬಸಣ್ಣ ಅವರನ್ನೊಮ್ಮೆ ನೋಡಿದರು. "ಹಂಗೇನಿಲ್ಲ ಬಿಡ್ರಿ."

"ಹಂಗೇನಿಲ್ಲ ಅಂದ್ರೆ? ನೀನೇ ಅಲ್ವಾ ದಿನಾ ಹೇಳ್ತಿದ್ದೋನು?"

"ಹೇಳ್ತಿದ್ದೆ. ಆದ್ರ ಖರೇ ಹೇಳ್ಬೇಕಂದ್ರ, ನಿಮ್ಮಂವಾ ಇದ್ದಾಗ ನಮ್ಮ ಕಂಪನಿ ಛೊಲೋನ ಇತ್ರಿ. ಹೊರಗಿನ ಮಾಲಿಗೆ ಈ ಟ್ಯಾರಿಫ್ ಸುಂಕಾ ಬಂದಮ್ಯಾಲೆ ಆರ್ಡರ್ ನಿಂತ್ವು."

"ಟ್ಯಾರಿಫ್ ಹಾಕ್ದೆ ಇನ್ನೇನ್ ಮಾಡ್ತಾನೆ ನಿಮ್ಮೋನು? ಈ ದೇಶ್ದಾಗೆ ಫ್ಯಾಕ್ಟ್ರಿ ಬ್ಯಾಡ್ವಾ?"

"ಫ್ಯಾಕ್ಟ್ರಿ ಏನ್ ಮುಂಜಾನೆ ಹಾಕಿದ್ರ ಸಂಜಿಗೆ ಏಳ್ತಾವೇನ್ರಿ? ನಿಮಗ ತಿಳಿಯೂದಿಲ್ಲ ಸುಮ್ನಿರ್ರಿ."

"ನಂಗ್ ತಿಳಿಯಲ್ವಾ?"

ಮಾರ್ಗನ್ ಹಿಲ್ ದಾಟುವಷ್ಟರಲ್ಲಿ ಇಬ್ಬರ ಧ್ವನಿಯೂ ಏರಿ, ಬಸಣ್ಣ ಹಿಂದಿನವರ ಪರವಾಗಿ ಡ್ಯಾಶ್‌ಬೋರ್ಡು ಗುದ್ದುತ್ತಿದ್ದರು. ಗೌಡರು ಈಗಿನವರ ಪರವಾಗಿ, ಇಷ್ಟು ವರ್ಷ ಬಸಣ್ಣನ ಬಾಯಿಂದ ಕೇಳಿದ್ದ ಒಂದೊಂದು ಮಾತನ್ನೂ ಒಪ್ಪಿಸುತ್ತಿದ್ದರು. ಅಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದಾರೆ ಎಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ನಿನ್ನೆ ಸಂಜೆಯಿಂದ ಹೆಣದ ಹಾಗಿದ್ದ ಮನುಷ್ಯನ ಮುಖಕ್ಕೆ ರಕ್ತ ಬಂದಿತ್ತು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಸೆರಗಿಲ್ಲದ ದಿರಿಸಿನಲ್ಲಿ ಕಣ್ಣು ಒರೆಸಿಕೊಳ್ಳುವುದು ಕಷ್ಟ, ಕೈಚೀಲದಲ್ಲಿ ಟಿಶ್ಯೂ ಹುಡುಕಿಕೊಂಡೆ.

ಎಂಟು ವರ್ಷದಲ್ಲಿ ಒಂದಂಗುಲ ಬಿಟ್ಟುಕೊಡದ ಆಸಾಮಿ ಗೆಳೆಯನಿಗೋಸ್ಕರ ತನ್ನ ಪಕ್ಷವನ್ನೇ ಫ್ರೀವೇ ಪಕ್ಕದಲ್ಲಿ ಇಳಿಸಿಬಿಟ್ಟಿದ್ದರು. ಸಮಾಧಾನದ ಮಾತು ಎಲ್ಲರೂ ಆಡುತ್ತಾರೆ. ನಿನ್ನೆ ಕಾರಿಂದ ಇಳಿಯುವಾಗ ನಾನೂ ಆಡಿದ್ದೆ, ಎಲ್ಲಾ ಒಳ್ಳೇದಕ್ಕೇ ಎಂದು, ಹಾಗೆಂದರೆ ಏನು ಎಂದು ನನಗೇ ಗೊತ್ತಿರಲಿಲ್ಲ. ಗೌಡರು ಕೊಟ್ಟದ್ದು ಜಗಳ. ಅವರಂಥವರ ಹಿಂದಿನ ಸೀಟಿನಲ್ಲಿ ಕೂತು ಎಂಟು ವರ್ಷ ಮುಖ ಸಿಂಡರಿಸಿದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಮೇಲಿನ ವಾರಗಳಲ್ಲಿ ಕಾರು ಇಂಟರ್‌ವ್ಯೂ ಕ್ಲಾಸಾಯಿತು. ನನ್ನ ಬುಧವಾರವೂ ಹೋಯಿತು. ಪ್ರಶ್ನೆ ಕೇಳುವವರು ಗೌಡರು, ಮಂಡ್ಯದ ಇಂಗ್ಲಿಷಿನಲ್ಲಿ. ಬಸಣ್ಣ ಉತ್ತರ ಹೇಳಬೇಕು, ನಾನು ತಪ್ಪು ಹುಡುಕಬೇಕು. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂಬ ಪ್ರಶ್ನೆಗೆ ಬಸಣ್ಣ, ತನ್ನ ಮ್ಯಾನೇಜರಿಗಿಂತ ಮುಂಚಿನ ಮ್ಯಾನೇಜರು ಮಾಡಿಟ್ಟ ಅವಾಂತರದಿಂದ ಶುರು ಮಾಡಿದರು.

"ಅದ್ ಬ್ಯಾಡ," ಅಂದರು ಗೌಡರು. "ಹಿಂದಿನೋರ್‌ನ ಬಯ್ಯೋ ಗಿರಾಕೀನ ಯಾರೂ ಕೆಲ್ಸಕ್ ತಗೊಳಲ್ಲ."

ಈ ಮಾತು ಆ ಕಾರಿನಲ್ಲಿ! ನಾನೂ ಬಸಣ್ಣನೂ ಅವರನ್ನೇ ನೋಡಿದೆವು. ಗೌಡರಿಗೆ ತಾವೇನು ಹೇಳಿದೆವು ಎಂದು ಹೊಳೆದು, ತಟ್ಟನೆ ಮುಂದಿನ ಪ್ರಶ್ನೆಗೆ ಹೋದರು.

ಒಂದು ಕಂಪನಿ ಬೇಡ ಎಂದಿತು. ಇನ್ನೊಂದು ಉತ್ತರವನ್ನೇ ಕೊಡಲಿಲ್ಲ. ಮೂರನೆಯದು ಮೂರು ಸುತ್ತು ಮಾತಾಡಿಸಿ, ಆ ಜಾಗವನ್ನೇ ತೆಗೆದುಹಾಕಿದ್ದೇವೆ ಎಂದು ಬರೆಯಿತು. ಗಡುವು ಹತ್ತಿರ ಬಂದ ಹಾಗೆ ಬಸಣ್ಣ ಕಾರಿನಲ್ಲಿ ಹುಬ್ಬಳ್ಳಿಯ ಕಾಲೇಜುಗಳ ಬಗ್ಗೆ ಮಾತಾಡತೊಡಗಿದರು. ಕೀರ್ತಿಗೆ ಅಲ್ಲಿ ಹೊಂದಿಕೊಳ್ಳಲು ಆಗುತ್ತದೆಯೇ ಎಂದು ನನ್ನನ್ನು ಕೇಳುತ್ತಿದ್ದರು. ಆಗುತ್ತದೆ ಎಂದು ನಾನು ಹೇಳುತ್ತಿದ್ದೆ. ಗೌಡರು ಮಾತ್ರ ಒಂದು ದಿನವೂ ಅದಕ್ಕೆ ಹೂಂ ಎನ್ನಲಿಲ್ಲ. ಅವರು ತಮ್ಮ ಹಳೇ ಸಹೋದ್ಯೋಗಿಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡುತ್ತಿದ್ದರು, ಜಗಳವಾಡಿ ಮಾತು ಬಿಟ್ಟವರಿಗೂ. ಅಂಥ ಒಬ್ಬರು ಲಾಸ್ ಗ್ಯಾಟೋಸಿನ ಒಂದು ಸಣ್ಣ ಕಂಪನಿಯಲ್ಲಿದ್ದರು. ಇಂಟರ್‌ವ್ಯೂ ದಿನ ಗೌಡರು ರಜಾ ಹಾಕಿ ಕರೆದುಕೊಂಡು ಹೋಗಿ, ಬಿಸಿಲಲ್ಲಿ ಪಾರ್ಕಿಂಗ್ ಲಾಟಿನಲ್ಲೇ ಸಂಜೆಯವರೆಗೆ ಕಾದರು. ಕೆಲಸ ಸಿಕ್ಕಿತು. ಕಾಗದಪತ್ರವೆಲ್ಲ ಗಡುವಿನೊಳಗೇ ಸರಕಾರಕ್ಕೆ ಹೋಯಿತು.

ಅದಾದ ಮೇಲಿನ ಭಾನುವಾರ ಬಸಣ್ಣನ ಮನೆಯಲ್ಲಿ ಊಟ. ಮಹಾದೇವಿ ಬೆಳಿಗ್ಗೆಯಿಂದ ನಿಂತು ರೊಟ್ಟಿ ಬಡಿದಿದ್ದಳು, ಎಣ್ಣೆಗಾಯಿ ಮಾಡಿದ್ದಳು, ಹೋಳಿಗೆಗೆ ತುಪ್ಪ ಬಡಿಸಲು ಕೀರ್ತಿ ನಿಂತಿದ್ದಳು. ಬೇರೆ ಮೂರು ನಾಲ್ಕು ಮನೆಯವರೂ ಬಂದಿದ್ದರು, ಎರಡೂ ಪಕ್ಷದವರು. ಹೋಳಿಗೆ ತಟ್ಟೆಗೆ ಬಿದ್ದದ್ದೇ ತಡ, ಶುರುವಾಯಿತು.

"ನೋಡಿದ್ರಾ, ಮಾರ್ಕೆಟ್ ಹೇಗೆ ಚೇತರಿಸ್ಕೊಳ್ತಾ ಇದೆ? ಕೆಲಸ ಸಿಗ್ತಾ ಇದೆ ಜನಕ್ಕೆ," ಅಂದರು ಒಬ್ಬರು.

"ಅದು ಹಿಂದಿನವರು ಹಾಕಿದ ಅಡಿಪಾಯ ಸಾರ್," ಅಂದರು ಇನ್ನೊಬ್ಬರು.

"ಕೆಲಸ ಹೋಗಿದ್ದಕ್ಕೂ ಅವರೇ ಕಾರಣ, ಸಿಕ್ಕಿದ್ದಕ್ಕೂ ಅವರೇ ಕಾರಣನಾ?" ಅಂದರು ಮೊದಲು ಮಾತೆತ್ತಿದವರು. " ನ್ಯಾಯವಾಗಿ ಹೇಳಿ ಬಸಣ್ಣ, ಯಾರ ಕಾಲದಲ್ಲಿ ಸಿಕ್ಕಿತು ನಿಮಗೆ ಈ ಕೆಲಸ?"

ಎಲ್ಲರೂ ಬಸಣ್ಣನ ಕಡೆ ತಿರುಗಿದರು. ಗೌಡರು ಮೂಲೆಯಲ್ಲಿ ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಿದ್ದರು.

ಬಸಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟರು. "ಗೌಡ್ರ ಕಾಲದಾಗ್ರಿ," ಅಂದರು.

ಯಾರೂ ನಗಲಿಲ್ಲ. ಕೀರ್ತಿ ತುಪ್ಪದ ಬಟ್ಟಲು ಹಿಡಿದುಕೊಂಡು ನಿಂತಲ್ಲೇ ನಿಂತಳು. ಗೌಡರು ಮುರಿದ ಹೋಳಿಗೆಯನ್ನೇ ಮತ್ತೆ ಮುರಿದರು.

"ಹಂಗಾದ್ರೆ ಮುಂದೆ ಏನಾರ ಎಡವಟ್ಟಾದ್ರೆ ಬಯ್ಯೋಕೆ ನಾನೇ ಸಿಕ್ದೆ ಅನ್ನು," ಅಂದರು.

"ಬೈತೀನ್ರಿ," ಅಂದರು ಬಸಣ್ಣ. "ನಿಮ್ಮನ್ನೇನು ಬಿಡೂದಿಲ್ಲ ನಾ."